ಇಪ್ಪತ್ತಮೂರು ಸಿನಿಮಾಗಳ ಬೋಳುತಲೆ

"ಹಿಂದಕ್ಕೆ ಹಾಕು, ಇನ್ನೊಂದೇ ಸಲ," ಎಂದು ಗುನ್ವೊರ್ ಅಜ್ಜಿ ಇಂಗ್ಲಿಷಿನಲ್ಲಿ ಹೇಳಿದಾಗ ಪ್ರಫುಲ್ಲಾ ರಿಮೋಟಿನ ಗುಂಡಿ ಕುಕ್ಕಿದಳು. ಇದು ನಾಲ್ಕನೇ ಸಲ. ಬೋಳುತಲೆಯ ಬಟ್ಲರ್ ಬಾಗಿಲು ತೆರೆಯುತ್ತಾನೆ, ಮುಚ್ಚುತ್ತಾನೆ. ಅಷ್ಟೇ. ಅಷ್ಟಕ್ಕೇ ಅಜ್ಜಿ ಟೀವಿಗೆ ಮೂಗು ತಾಗಿಸಿ "ಪಪ್ಪಾ" ಎನ್ನುತ್ತಾರೆ.

ಅಜ್ಜಿಯ ಅಡುಗೆಮನೆಯಲ್ಲಿ ಕಾಫಿ ಮಾಡುತ್ತಿದ್ದ ಗಂಡ ಸೋಮಶೇಖರ ಇಣುಕಿ ಕನ್ನಡದಲ್ಲಿ ಗೊಣಗಿದ. "ಈ ಶನಿವಾರಾನೂ ಹಾಳಾಯ್ತು. ನಾವು ಇವ್ರ ಮನೇಲಿ ಬಾಡಿಗೆಗಿರೋರೋ, ಸಿನಿಮಾ ಆಪರೇಟರ್‌ಗಳೋ?"

"ಹೂಂ ಅಂದಿದ್ದು ನೀವೇ ತಾನೇ? ಅವ್ರಪ್ಪನ ಸಿನಿಮಾ ಲಿಸ್ಟ್‌ನ ಎಕ್ಸೆಲ್‌ಗೆ ಬೇರೆ ಹಾಕಿದ್ರಿ."

ಹಾಕಿದ್ದು ನಿಜ. ಈ ಚಳಿ ದೇಶದ ನಾರ್‌ಶೋಪಿಂಗ್‌ಗೆ ಬಂದ ಹೊಸತರಲ್ಲಿ ಮನೆಯ ಮಾಲೀಕರೇ ಅಪ್ಪನ ಸಿನಿಮಾ ಹುಡುಕಿ ತೋರಿಸಿ ಎಂದು ಕೇಳಿದರೆ ಇಲ್ಲ ಎನ್ನುವುದು ಹೇಗೆ? ಅಜ್ಜಿಗೆ ವರ್ಷ ತುಂಬುವ ಮೊದಲೇ ಅಪ್ಪ ಹೆಲ್ಮರ್ ಅಮೆರಿಕಕ್ಕೆ ಹೋಗಿ ಹಾಲಿವುಡ್ ಸೇರಿದ್ದ. ನೂರ ನಲವತ್ತು ಸಿನಿಮಾ. ಪೊಲೀಸು, ಪಾದ್ರಿ, ಹಡಗಿನ ಕ್ಯಾಪ್ಟನ್, ಬಟ್ಲರ್. ಒಂದರಲ್ಲೂ ಪರದೆಯ ಮೇಲೆ ಹೆಸರಿಲ್ಲ. ಅವನು ಸತ್ತ ಮೇಲೆ ಯಾರೋ ಕಳಿಸಿದ ಪಟ್ಟಿಯೊಂದೇ ಉಳಿದದ್ದು. ಫೋಟೋಗಳನ್ನೆಲ್ಲ ಅಜ್ಜಿಯ ಅಮ್ಮ ಒಲೆಗೆ ಹಾಕಿದ್ದಳಂತೆ. ಸಿಕ್ಕ ಇಪ್ಪತ್ತಮೂರು ಡಿಸ್ಕುಗಳಲ್ಲೂ ಈ ಬೋಳುತಲೆ ಇದ್ದ, ಮೂಗೂ ಅಜ್ಜಿಯದೇ ಅನ್ನಿಸಿತು, ಸರಿ, ಇವನೇ ಎಂದು ಮೂವರೂ ತೀರ್ಮಾನಿಸಿದರು. ಚಳಿಗಾಲದೊಳಗೆ ಕಣ್ಣು ಪೂರ್ತಿ ಹೋಗುತ್ತದೆಂದು ಡಾಕ್ಟರು ಹೇಳಿದ್ದರು. ಅಷ್ಟರಲ್ಲಿ ಅಪ್ಪನನ್ನು ಕಣ್ತುಂಬ ನೋಡಿಬಿಡಬೇಕು ಅಜ್ಜಿಗೆ.

ಕಾಫಿ ಬಂತು. ಅಜ್ಜಿ ಎಂದಿನಂತೆ ಅದನ್ನು ಸಾಸರಿಗೆ ಸುರಿದು, ಸಕ್ಕರೆಯ ಕ್ಯೂಬೊಂದನ್ನು ಮುಂದಿನ ಹಲ್ಲಿನಲ್ಲಿ ಕಚ್ಚಿಕೊಂಡು ಸೊರ್ರನೆ ಹೀರಿದರು. "ಹೀಗೆ ಕುಡಿದರೆ ಅಮ್ಮ ಬೈಯುತ್ತಿದ್ದಳು, ಥೇಟ್ ನಿನ್ನಪ್ಪನ ಹಾಗೆ ಅಂತ."

ಪ್ರಫುಲ್ಲಾ ಹೂಂಗುಟ್ಟಿ ಟೀವಿಯತ್ತ ತಿರುಗಿದಳು. ಬಟ್ಲರ್ ಈಗ ಅಡುಗೆಮನೆಯಲ್ಲಿದ್ದ. ಅವನ ಹಿಂದೆ, ಮೂಲೆಯಲ್ಲಿ, ಕುದುರೆಗಾಡಿಯವನೊಬ್ಬ ಕಾಫಿಯನ್ನು ಸಾಸರಿಗೆ ಸುರಿದ. ಬಿಳಿಯದೇನನ್ನೋ ಹಲ್ಲಿನಲ್ಲಿ ಕಚ್ಚಿಕೊಂಡ. ಸಾಸರನ್ನು ಬಾಯಿಗೆತ್ತಿದ. ಅವಳು ಚಿತ್ರ ನಿಲ್ಲಿಸಿದಳು.

"ರೀ, ಮೂರು ತಿಂಗಳಿಂದ ನಾವು ಯಾರನ್ನೋ ನೋಡ್ತಿದೀವಿ. ಅಲ್ನೋಡಿ, ಆ ಮೂಲೇಲಿ."

ಸೋಮಶೇಖರ ನೋಡಿದ. ಅಜ್ಜಿಯ ಸಾಸರನ್ನೂ ನೋಡಿದ. "ಹೇಳ್ಬೇಡ ಕಣೇ. ಆ ಬೋಳಪ್ಪನ್ನೇ ಅಪ್ಪ ಅಂದ್ಕೊಂಡು ಖುಷಿಯಾಗಿದಾರೆ."

"ಕಣ್ಣಿರೋದೇ ಇನ್ನೆರಡು ತಿಂಗ್ಳು. ಅದ್ರಲ್ಲೂ ಬೇರೆಯೋರನ್ನೇ ತೋರಿಸ್ಲಾ?"

ಅವಳಿಗೆ ಗಂಡನ ಮೇಲೆ ಸಿಟ್ಟು ಬಂತು, ಬಟ್ಲರನ ಮೇಲೂ ಬಂತು. ಹೋದವನು ಒಂದು ಫೋಟೋ ಕಳಿಸಬಾರದಿತ್ತೇ ಎಂದು ಹೆಲ್ಮರನ ಮೇಲೆ ಎಲ್ಲಕ್ಕಿಂತ ಹೆಚ್ಚು ಬಂತು. ಅಜ್ಜಿಯ ಬೆರಳು ಹಿಡಿದು ಪರದೆಯ ಮೂಲೆಗೆ ಇಟ್ಟಳು. "ಇವರು. ನೋಡಿ, ನಿಮ್ಮ ಹಾಗೇ ಕುಡೀತಿದಾರೆ."

ಅಜ್ಜಿ ತುಂಬ ಹೊತ್ತು ಬಗ್ಗಿಯೇ ಇದ್ದರು. "ಮುಖಕ್ಕೆ ಸಾಸರು ಅಡ್ಡ ಇದೆ," ಎಂದರು ಕೊನೆಗೆ.

ಪ್ರಫುಲ್ಲಾ ಚಿತ್ರ ಓಡಿಸಿದಳು. ಸಾಸರು ಕೆಳಗಿಳಿಯುವ ಮುಂಚೆಯೇ ದೃಶ್ಯ ಬದಲಾಯಿತು.

"ಮೊದಲನೇ ಡಿಸ್ಕು ಹಾಕು," ಎಂದರು ಅಜ್ಜಿ.

ಸೋಮಶೇಖರ ನಿಟ್ಟುಸಿರು ಬಿಟ್ಟು, ಇಪ್ಪತ್ತಮೂರರ ರಾಶಿಯ ಅಡಿಯಿಂದ ಅದನ್ನು ಹುಡುಕಿ ಕೊಟ್ಟ. ಈ ಸಲ ಬೋಳುತಲೆಯನ್ನು ಬಿಟ್ಟು ಅವನ ಹಿಂದೆ ಇರುವವರನ್ನು ನೋಡಬೇಕಿತ್ತು. ಅಜ್ಜಿ ಸಾಸರನ್ನು ಬದಿಗಿಟ್ಟು ಕುರ್ಚಿಯನ್ನು ಟೀವಿಗೆ ಇನ್ನೂ ಹತ್ತಿರ ಎಳೆದುಕೊಂಡರು.