ರೆಕ್ಕೆಯಡಿಯ ತೂತು

ಗಂಡನ ಅಂಗಿಯ ಮುಂಭಾಗ ಮುಗಿಸಿ ಹೆಂಡತಿ ಅದನ್ನು ಮಗುಚಿ ಹಾಕಿದಳು. ಇಸ್ತ್ರಿಪೆಟ್ಟಿಗೆ ಬೆನ್ನಿನ ಮೇಲೆ ಹರಿಯತೊಡಗಿತು.

"ಬೆನ್ನು ಯಾಕೆ ಅತ್ತಿಗೆ?" ತೀರಿಕೊಂಡವರ ತಂಗಿ ಮೆಲ್ಲಗೆ ಕೇಳಿದಳು. "ಮಲಗಿಸೋದು ಅಂಗಾತ. ಯಾರಿಗೆ ಕಾಣತ್ತೆ? ಗಾಡಿ ಬೇರೆ ಬರೋ ಹೊತ್ತಾಯ್ತು."

"ನಿಮ್ಮಣ್ಣ ಒಪ್ಪಲ್ಲ."

ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದವಳು ಅಲ್ಲೇ ನಿಂತಳು. ಆಫೀಸಿನಲ್ಲಿ ಎಂಟು ವರ್ಷ ಅವರ ಪಕ್ಕದ ಮೇಜಿನಲ್ಲಿ ಕೂತವಳು. 'ಆ ತಪ್ಪು ನನ್ನದು' ಎಂಬ ಒಂದೇ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಅವರನ್ನು ಒಯ್ಯುವ ಮೊದಲೇ ಹೇಳಿಬಿಡಬೇಕಿತ್ತು.

*

ಆಫೀಸಿನಲ್ಲಿ ಎಲ್ಲರಿಗೂ ಅವರು ಚುಕ್ಕಿ ಮೇಷ್ಟ್ರು. ಕಲಾವಿದರು ಬಣ್ಣದಲ್ಲಿ ಬರೆದದ್ದರ ಮೇಲೆ, ಕಂಪ್ಯೂಟರಿನಲ್ಲಿ ಒಂದೊಂದೇ ಚುಕ್ಕಿ ಇಟ್ಟು, ಗೆರೆ ಬಾಗಿಸಿ, ಆಡಿಸಿದರೆ ಆಡುವ ವೆಕ್ಟರ್ ಚಿತ್ರ ಮಾಡುತ್ತಿದ್ದರು. ಹಕ್ಕಿಯಾದರೆ ರೆಕ್ಕೆಯಡಿ ಮುಚ್ಚಿಹೋದ ಮೈಯನ್ನೂ ಬಿಡುತ್ತಿರಲಿಲ್ಲ.

"ಕಾಣದೇ ಇರೋದಕ್ಕೆ ಅರ್ಧ ದಿನ ಯಾಕ್ ಸಾರ್? ಮೆಷೀನೇ ಗೆರೆ ಎಳೆದುಕೊಡತ್ತಲ್ಲ, ಒಂದೇ ಏಟಿಗೆ!" ಅನ್ನುತ್ತಿದ್ದಳು ಪಕ್ಕದ ಮೇಜಿನವಳು.

"ಮೆಷೀನು ಕಂಡಷ್ಟೇ ಬರಿಯತ್ತೆ, ಅವಸರಮ್ಮ. ಹಕ್ಕಿ ರೆಕ್ಕೆ ಎತ್ತಿದಾಗ ಏನು ತೋರಿಸ್ತೀಯ?"

ಹೋದ ವಾರ ಎದೆನೋವೆಂದು ಅವರು ಆಸ್ಪತ್ರೆಗೆ ಹೋದ ದಿನ, ಅವರ ಅರೆಬರೆ ಹಕ್ಕಿಯನ್ನು ಅವಳು ಮೆಷೀನಿಗೆ ಕೊಟ್ಟು ಮುಗಿಸಿದ್ದಳು. ಸಹಾಯವಾಗಲಿ ಅಂತಲೇ. ಮರುದಿನ ಅವರು ವಾಪಸ್ ಬಂದಾಗ, ಎಲ್ಲರೆದುರು ದೊಡ್ಡ ಪರದೆಯಲ್ಲಿ ಹಕ್ಕಿ ರೆಕ್ಕೆ ಎತ್ತಿತು. ಅಡಿಯಲ್ಲಿ ಮೈಯೇ ಇಲ್ಲ. ಬರೀ ಬಿಳೀ ತೂತು.

"ಏನ್ ಮೇಷ್ಟ್ರೇ, ಕಣ್ಣು ಮಂಜಾಯ್ತಾ?" ಬಾಸ್ ನಕ್ಕರು. ಉಳಿದವರೂ ನಕ್ಕರು.

ಮೇಷ್ಟ್ರು ಅವಳ ಕಡೆ ತಿರುಗಲಿಲ್ಲ. "ಸರಿ ಮಾಡ್ತೀನಿ" ಅಂದರು. ಮಾಡಿಯೇ ಮನೆಗೆ ಹೋದರು. ಮತ್ತೆ ಅವರು ಆಫೀಸಿಗೆ ಬರಲಿಲ್ಲ.

*

"ಅಮ್ಮಾ, ಆ ಹಕ್ಕಿ... ಕೆಡಿಸಿದ್ದು ನಾನು. ಮಾತು ಕೇಳಿಸಿಕೊಂಡಿದ್ದು ಅವರು."

ಇಸ್ತ್ರಿಪೆಟ್ಟಿಗೆ ನಿಂತಿತು. "ಅವಸರಮ್ಮ ಅಂದ್ರೆ ನೀನೇನಾ?"

ಹೌದೆಂದು ತಲೆಯಾಡಿಸಿದಳು.

"ಅವತ್ತು ಅವರಿಗೆ ಊಟ ಸೇರ್ಲಿಲ್ಲ. ಮೂವತ್ತು ವರ್ಷದಲ್ಲಿ ಇದೇ ಮೊದಲನೇ ತೂತು ಅಂದ್ರು. ಯಾರದ್ದು ಅಂತ ಹೇಳ್ಲೇ ಇಲ್ಲ."

ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. "ಸಾಕು ಅತ್ತಿಗೆ, ಕೊಡಿ" ಎಂದು ನಾದಿನಿ ಕೈ ಚಾಚಿದಳು. ಹೆಂಡತಿ ಕೊಡಲಿಲ್ಲ. ಒಂದು ತೋಳು ಇನ್ನೂ ಉಳಿದಿತ್ತು. ಇಸ್ತ್ರಿಪೆಟ್ಟಿಗೆಯನ್ನು ಪಕ್ಕದ ಮೇಜಿನವಳ ಕಡೆ ಸರಿಸಿದಳು.

ಅವಳು ಖಾಲಿ ತೋಳನ್ನು ಮೇಲೆತ್ತಿದಳು. ಕಂಕುಳಡಿಯ ಸುಕ್ಕನ್ನು ಬೆರಳಿನಿಂದ ಬಿಡಿಸಿದಳು. ಹೊರಗೆ ಹಾರನ್ ಕೂಗಿತು. ಇಸ್ತ್ರಿಪೆಟ್ಟಿಗೆ ಆ ಜಾಗದ ಮೇಲೆ ನಿಧಾನವಾಗಿ, ಅಂಚಿನವರೆಗೂ ಹರಿಯಿತು.