ಎಮೆರಿತಾಳ ಅಂಗಳಕ್ಕೆ ಐದು ಷೆಲ್ಲು

"ಹೊಟ್ಟೆಗಿಲ್ದೆ ರಾಣಿ ನಡೆಯಲ್ಲ," ಎಂದು ಡ್ರೈವರ್ ಮೊಂಚೊ ಸ್ಟೀರಿಂಗಿನ ಮೇಲೆ ತಲೆಯಿಟ್ಟಾಗ ನಾವು ಹೊಂಡುರಾಸ್ ದೇಶದೊಳಕ್ಕೆ ಹದಿನಾಲ್ಕು ಕಿಲೋಮೀಟರು ನುಗ್ಗಿಬಿಟ್ಟಿದ್ದೆವು.

ರಾಣಿ ಎಂದರೆ ನಮ್ಮ ಬಸ್ಸು. ಬೇರೆ ದೇಶದವರು ಯುದ್ಧಕ್ಕೆ ಟ್ಯಾಂಕಿನಲ್ಲಿ ಹೋಗುತ್ತಾರಂತೆ. ಎಲ್ ಸಾಲ್ವಡಾರಿನ ಗಂಡಸರಿಗೆ ಅದರ ಅಗತ್ಯವಿಲ್ಲ. ಸಾಂತಾ ಆನಾದಿಂದ ಸಂತೆಗೆ ಕೋಳಿ, ಹಂದಿ, ಹೆಂಗಸರನ್ನು ಸಾಗಿಸುತ್ತಿದ್ದ ಹಸಿರು ಬಸ್ಸನ್ನು, ಮೂತಿಯ ಮೇಲೆ 'ನನ್ನ ರಾಣಿ' ಎಂದು ಬರೆದಿದ್ದ ಹಾಗೆಯೇ, ನಮ್ಮ ಕಂಪನಿಗೆ ಕೊಟ್ಟಿದ್ದರು. ನಲವತ್ತು ಸೀಟಿನಲ್ಲಿ ನೂರಾ ಹತ್ತು ಜನ ಕೂತಿದ್ದೆವು. ಒಬ್ಬ ಕೆಮ್ಮಿದರೆ ನೂರಾ ಒಂಬತ್ತು ಜನರ ಪಕ್ಕೆಲುಬು ಅಲುಗುತ್ತಿತ್ತು. ಮೊದಲ ದಿನ ನಮ್ಮ ಕೂಗು ಕೇಳಿಯೇ ಗಡಿಯ ಠಾಣೆ ಖಾಲಿಯಾಯಿತು. ಎರಡನೆಯ ದಿನ ನಾವು ಎಷ್ಟು ಜೋರಾಗಿ ಮುನ್ನುಗ್ಗಿದೆವೆಂದರೆ ನಮ್ಮ ಅಡುಗೆಯವನು, ನಮ್ಮ ವೈದ್ಯ, ನಮ್ಮ ಡೀಸೆಲ್ ಲಾರಿ ಮೂರೂ ಎಲ್ಲೋ ಹಿಂದೆ ಉಳಿದವು. ಮೂರನೆಯ ದಿನ ಮಳೆ ಹಿಡಿಯಿತು. ಅಲ್ಲಿಯ ಕೆಸರು ಬೂಟನ್ನಲ್ಲ, ಮೊಣಕಾಲನ್ನೇ ಕಿತ್ತಿಟ್ಟುಕೊಳ್ಳುತ್ತಿತ್ತು. ಸೊಳ್ಳೆಗಳು ಎರಡೆರಡು ಸೇರಿ ಒಬ್ಬ ಸಿಪಾಯಿಯನ್ನು ಎತ್ತಿಕೊಂಡು ಹೋಗಲು ನೋಡುತ್ತಿದ್ದವು. ತಿನ್ನಲು ತಲೆಗೆ ಎರಡು ಬಿಸ್ಕತ್ತು ಉಳಿದಿತ್ತು.

ರೇಡಿಯೊ ಮಾತ್ರ ದಣಿದಿರಲಿಲ್ಲ. ಹೊಂಡುರಾಸಿನಲ್ಲಿ ಹೊಲ ಮಾಡಿಕೊಂಡಿದ್ದ ನಮ್ಮ ಜನರನ್ನು ಅಲ್ಲಿಯವರು ಹೊಡೆದು ಓಡಿಸುತ್ತಿದ್ದಾರೆ, ಅವರನ್ನು ಕಾಪಾಡುವುದಕ್ಕೇ ಈ ಯುದ್ಧ ಎಂದು ಅದು ದಿನವಿಡೀ ಕೂಗುತ್ತಿತ್ತು. ಉಳಿದವರು ಅದನ್ನು ಅರ್ಧ ಕಿವಿಯಲ್ಲಿ ಕೇಳುತ್ತಿದ್ದೆವು. ಕಾರ್ಪೊರಲ್ ಬಾಲ್ಬಿನೊ ಪೂರ್ತಿ ಕೇಳುತ್ತಿದ್ದ. ಅವನ ಅಕ್ಕ ಎಮೆರಿತಾ ಹಾಗೆ ಹೊಲ ಮಾಡಲು ಹೋದವಳೇ. ತಾಯಿ ಸತ್ತ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಗಂಡ ಜ್ವರದಲ್ಲಿ ತೀರಿಕೊಂಡ ಮೇಲೂ ಹೊಲ ಬಿಟ್ಟು ಬಂದಿರಲಿಲ್ಲ. ಅವಳ ಊರು ಎದುರಿನ ಗುಡ್ಡದ ಮೇಲೆ, ಬಸ್ಸು ನಿಂತಲ್ಲಿಂದ ಒಂದೂವರೆ ಕಿಲೋಮೀಟರು.

"ಕಾಗದ ಬರ್ದಿದೀನಿ," ಎಂದು ಅವನು ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದ. "ಏನೇ ಆಗ್ಲಿ ಮನೆ ಬಿಟ್ಟು ಕದಲಬೇಡ, ನಾನೇ ಬಂದು ಕರ್ಕೊಂಡು ಹೋಗ್ತೀನಿ ಅಂತ."

"ಇಷ್ಟು ಜನರ ಮಧ್ಯೆ ಎಲ್ಲಿ ಕೂರಿಸ್ತೀಯೋ?" ಎಂದು ಲಿಚೊ ರೇಗಿಸಿದ್ದ. ಲಿಚೊ ಅವನ ಮಾರ್ಟರ್ ತೋಪಿಗೆ ಷೆಲ್ಲು ತುಂಬುವವನು.

"ನಿನ್ನನ್ನ ಇಳಿಸಿ."

"ನನ್ನ ಹೆಂಡ್ತಿ ಅಂತ ಕರ್ಕೊಂಡು ಹೋಗೋದಾದ್ರೆ ನಾನು ಟಾಪಿನ ಮೇಲೆ ಕೂರ್ತೀನಪ್ಪ."

"ಅವಳು ನಿನ್ನ ಮುಖ ನೋಡಿದ್ರೆ ಹೊಂಡುರಾಸೇ ವಾಸಿ ಅಂತಾಳೆ."

ಬಾಲ್ಬಿನೊನ ಗುರಿಯ ಬಗ್ಗೆ ನಾನು ಎಷ್ಟು ಹೇಳಿದರೂ ಕಡಿಮೆಯೇ. ತರಬೇತಿ ಮೈದಾನದಲ್ಲಿ ಒಂದು ಸಲ ಸಾವಿರ ಮೀಟರು ದೂರದ ಹಾಲಿನ ಕ್ಯಾನಿನೊಳಕ್ಕೆ ಷೆಲ್ಲು ಇಳಿಸಿದ್ದ; ಪಕ್ಕದಲ್ಲಿ ಮೇಯುತ್ತಿದ್ದ ಹಸು ತಲೆಯೆತ್ತಿ ನೋಡಿ ಮತ್ತೆ ಮೇಯತೊಡಗಿತು. ಅವನು ಬೇಕೆಂದರೆ ಕರ್ನಲ್ ಸಾಹೇಬರ ಮೀಸೆಯ ಎಡಗಡೆಯನ್ನು ಮಾತ್ರ ಹಾರಿಸಬಲ್ಲ ಎಂದು ಇಡೀ ಬೆಟಾಲಿಯನ್ನೇ ನಂಬಿತ್ತು. ಕರ್ನಲ್ ಸಾಹೇಬರೂ ನಂಬಿದ್ದರು.

ಆ ಬೆಳಿಗ್ಗೆ ಮೊಂಚೊ ಬಕೆಟ್ಟು ಹಿಡಿದು ತೊರೆಗೆ ಇಳಿದ. ಎದುರು ಗುಡ್ಡದಿಂದ ಮೆಷಿನ್‌ಗನ್ ಹೊಲಿಗೆ ಹಾಕಿದ ಹಾಗೆ ಸದ್ದು ಮಾಡಿತು. ಮೊಂಚೊ ನೀರಿನಲ್ಲಿ ಕೂತ, ಏಳಲಿಲ್ಲ. ಅವನನ್ನು ಎಳೆದು ತರಲು ಹೋದ ಇಬ್ಬರೂ ಬಿದ್ದರು. ನಾವೆಲ್ಲ ಬಸ್ಸಿನ ಕೆಳಗೆ, ಚಕ್ರದ ಹಿಂದೆ, ಒಬ್ಬರ ಕೆಳಗೊಬ್ಬರು ತೂರಿಕೊಂಡೆವು. ಓಡಲು ಡೀಸೆಲ್ ಇಲ್ಲ, ನುಗ್ಗಲು ಗುಂಡಿಲ್ಲ. ಬಸ್ಸಿನ ಗಾಜುಗಳು ಒಂದೊಂದಾಗಿ ಸುರಿದವು.

ಕ್ಯಾಪ್ಟನ್ ಸೊರಿಯಾನೊ ಕೆಸರಿನಲ್ಲಿ ಮಲಗಿಯೇ ದುರ್ಬೀನು ಹಿಡಿದರು. "ಕೆಂಪು ಹೆಂಚಿನ ಮನೆ. ಅಂಗಳದ ಕಲ್ಲುಗೋಡೆ ಹಿಂದೆ ಗನ್ ಇಟ್ಟಿದಾರೆ."

"ಗೋಡೆ ಹಿಂದಿಂದ ಹೊಗೆ ಬೇರೆ ಏಳ್ತಿದೆ," ಎಂದ ಲಿಚೊ. "ನಮ್ಮನ್ನ ಬೇಯಿಸ್ತಾ ಬೇಯಿಸ್ತಾ ಊಟಾನೂ ಬೇಯಿಸ್ಕೊಳ್ತಿದಾರೆ."

ಬಾಲ್ಬಿನೊ ದುರ್ಬೀನು ಇಸಿದುಕೊಂಡು ಬಹಳ ಹೊತ್ತು ನೋಡಿದ. "ಅದು ನಮ್ಮಕ್ಕನ ಮನೆ," ಎಂದ.

ಕ್ಯಾಪ್ಟನ್ ಅವನ ಮುಖ ನೋಡಿದರು. "ಒಳಗಿದ್ದಾಳಾ?"

"ಇರ್ತಾಳೆ."

"ಸರಿ, ನೀನು ಪಕ್ಕಕ್ಕೆ ಸರಿ. ಲಿಚೊ ಹೊಡೀಲಿ."

ಲಿಚೊನ ಗುರಿ ಎಲ್ಲರಿಗೂ ಗೊತ್ತಿತ್ತು. ಅವನು ಹಾರಿಸಿದ ಒಂದೇ ಒಂದು ಷೆಲ್ಲು ನಮ್ಮದೇ ಅಡುಗೆ ಡೇರೆಯ ಮೇಲೆ ಬಿದ್ದು ಮೂರು ದಿನದ ಬೀನ್ಸ್ ಕಾಳನ್ನು ಮೂರು ತಾಲೂಕಿಗೆ ಹಂಚಿತ್ತು.

"ಬೇಡಿ ಕ್ಯಾಪ್ಟನ್ರೇ," ಎಂದ ಬಾಲ್ಬಿನೊ. "ಇವನು ಮನೆ ಮೇಲೇ ಹಾಕ್ತಾನೆ. ನಾನೇ ಹೊಡೀತೀನಿ. ಆ ಗೋಡೆ ಕಟ್ಟಿದ್ದೇ ನಾನು, ಮೂರು ವರ್ಷದ ಹಿಂದೆ. ಗೋಡೆಯಿಂದ ಮನೆ ಬಾಗಿಲಿಗೆ ಹನ್ನೆರಡು ಹೆಜ್ಜೆ. ಸದ್ದಾದ್ರೆ ಅವಳು ಒಳಕೋಣೇಲಿ ಮಂಚದ ಕೆಳಗೆ ಸೇರ್ಕೊಳ್ತಾಳೆ, ಚಿಕ್ಕಂದಿಂದ ಗುಡುಗು ಅಂದ್ರೆ ಹಾಗೇ. ಹನ್ನೆರಡು ಹೆಜ್ಜೆ ಸಾಕು ನನಗೆ."

"ಎಷ್ಟು ಷೆಲ್ಲಿದೆ?"

"ಐದು."

ಅವನು ಮಾರ್ಟರಿನ ಕಾಲುಗಳನ್ನು ಒದ್ದೆ ನೆಲದಲ್ಲಿ ಊರಿ, ಕೆಳಗೆ ತನ್ನ ಅಂಗಿಯನ್ನೇ ಮಡಿಸಿಟ್ಟ. ಹೆಬ್ಬೆರಳೆತ್ತಿ ಗುಡ್ಡ ಅಳೆದ. ಮೊದಲನೆಯದನ್ನು ಬೇಕೆಂದೇ ದೂರ, ರಸ್ತೆಯ ಮೇಲೆ ಹಾಕಿದ. ಎರಡನೆಯದು ಗೋಡೆಗೆ ಹತ್ತು ಮೀಟರು ಈಚೆ. ಪ್ರತಿ ಸಲವೂ ಸ್ಕ್ರೂ ತಿರುಗಿಸುವ ಮುಂಚೆ ಬೆರಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ. ಮೂರನೆಯದು ಗೋಡೆಯನ್ನು ದಾಟಿ ಅದಕ್ಕೆ ಆನಿಕೊಂಡ ಹಾಗೆ ಒಳಬದಿಗೆ ಇಳಿಯಿತು. ನಾಲ್ಕನೆಯದೂ ಅಲ್ಲೇ. ಐದನೆಯದೂ ಅಲ್ಲೇ. ಗನ್ ನಿಂತಿತು. ಹೊಗೆ ಸರಿದಾಗ ಕೆಂಪು ಹೆಂಚಿನ ಮಾಡು ಇದ್ದ ಹಾಗೇ ಇತ್ತು.

ನಾವು ಅವನನ್ನು ಎತ್ತಿ ಕುಣಿದೆವು. ಕುಣಿತಕ್ಕೆ ಗುಡ್ಡ ಎರಡು ಅಡಿ ಹಿಂದೆ ಸರಿಯಿತು ಎಂದರೂ ತಪ್ಪಿಲ್ಲ. ಲಿಚೊ ಅವನ ಎರಡೂ ಕೆನ್ನೆಗೆ ಮುತ್ತಿಟ್ಟ. ಬಾಲ್ಬಿನೊ ಬಿಡಿಸಿಕೊಂಡು ಮತ್ತೆ ದುರ್ಬೀನು ಹಿಡಿದ. "ಒಂದು ಹೆಂಚೂ ಒಡೆದಿಲ್ಲ ಕಣ್ರೋ," ಎಂದು ಒಬ್ಬೊಬ್ಬರಿಗೂ ತೋರಿಸಿದ. ತನ್ನ ಪಾಲಿನ ಬಿಸ್ಕತ್ತನ್ನು ಮುರಿದು ಹಂಚಿದ.

ಮೇಲಕ್ಕೆ ಹೋಗುತ್ತೇನೆಂದು ಅವನು ಕ್ಯಾಪ್ಟನ್ನರನ್ನು ಕೇಳಿದ್ದು ನಾಲ್ಕು ಸಲ. ಅಷ್ಟರಲ್ಲಿ ರೇಡಿಯೊದಲ್ಲಿ ಆಜ್ಞೆ ಬಂದಿತ್ತು: ಕದನವಿರಾಮದ ಮಾತು ನಡೆದಿದೆ, ಇದ್ದಲ್ಲೇ ಇರಿ. ಗುಡ್ಡದ ಆಚೆಗೆ ಅವರ ಲಾರಿಗಳ ಸದ್ದೂ ಕೇಳುತ್ತಿತ್ತು.

"ಒಂದೂವರೆ ಕಿಲೋಮೀಟರು ಕ್ಯಾಪ್ಟನ್ರೇ. ಹೋಗಿ ಬಂದ್ಬಿಡ್ತೀನಿ."

"ನಿನ್ನನ್ನೂ ಹೂಳೋ ಹಾಗೆ ಮಾಡ್ಬೇಡ ಮಾರಾಯ. ನಾಳೆ ನೋಡೋಣ."

ಮಾರನೆಯ ದಿನ ಮಳೆ ಬಿಟ್ಟಿತು. ಕಾಡಿನಲ್ಲಿ ಅಡಗಿದ್ದ ನಮ್ಮ ಜನ ಗಂಟುಮೂಟೆ ಹೊತ್ತು ಗುಡ್ಡ ಬಳಸಿ ರಸ್ತೆಗೆ ಇಳಿಯತೊಡಗಿದರು. ಬಾಲ್ಬಿನೊ ಬೆಳಿಗ್ಗೆಯಿಂದ ರಸ್ತೆ ಪಕ್ಕದಲ್ಲಿ ನಿಂತು ಹೆಂಗಸರ ಮುಖ ನೋಡುತ್ತಿದ್ದ. ಹಾಸಿಗೆ ಬಟ್ಟೆಯಲ್ಲಿ ಜೋಳ ಅರೆಯುವ ಕಲ್ಲನ್ನು ಕಟ್ಟಿಕೊಂಡಿದ್ದ ಒಬ್ಬ ಮುದುಕಿ ಸುಧಾರಿಸಿಕೊಳ್ಳಲು ಬಸ್ಸಿನ ಪಕ್ಕ ಕೂತಳು.

"ಅಜ್ಜಿ, ಮೇಲಿನ ಊರಿನವರಾ? ಕೆಂಪು ಹೆಂಚಿನ ಮನೆ ಎಮೆರಿತಾ ಗೊತ್ತಾ?"

"ಗೊತ್ತಿಲ್ದೆ ಏನಪ್ಪ. ಬೇಲಿ ಆಚೆ ಅವಳು, ಈಚೆ ನಾನು." ಮುದುಕಿ ಸೆರಗಿನಂತೆ ಹೊದ್ದಿದ್ದ ಬಟ್ಟೆಯಿಂದ ಮುಖ ಒರೆಸಿಕೊಂಡಳು. "ನಾವೆಲ್ಲ ಶನಿವಾರಾನೇ ಕಾಡು ಸೇರಿದ್ವಿ. ಬಾರೇ ಅಂತ ಕೈ ಹಿಡಿದು ಎಳ್ದೆ. ತಮ್ಮ ಕಾಗದ ಬರ್ದಿದಾನೆ, ಬಂದಾಗ ನಾನು ಮನೇಲಿಲ್ಲ ಅಂದ್ರೆ ಹುಡುಕ್ಕೊಂಡು ಅಲೀತಾನೆ ಅಂದ್ಲು. ಬರ್ಲೇ ಇಲ್ಲ."

"ಮನೆಗೇನೂ ಆಗಿಲ್ಲ ಅಜ್ಜಿ," ಎಂದ ಬಾಲ್ಬಿನೊ. "ನಾನೇ ನೋಡಿದೀನಿ. ಹೆಂಚು ಸರಿಯಾಗಿದೆ."

"ಮನೆಗೇನಾಗಿಲ್ಲಪ್ಪ. ಮನೆ ತುಂಬ ಆ ಸಿಪಾಯಿಗಳಿದ್ರು, ಕಾಡಿಂದ್ಲೇ ಕಾಣ್ತಿತ್ತು. ರೊಟ್ಟಿ ತಟ್ಟು ಅಂತ ಅವಳನ್ನ ಅಡುಗೆಮನೆಗೆ ತಳ್ಳಿದ್ರು. ಅಡುಗೆಮನೇನ ಈ ವರ್ಷ ಹೊರಗಡೆ ಹಾಕ್ಕೊಂಡಿದ್ಲು, ಕಲ್ಲುಗೋಡೆಗೆ ಆನಿಸಿ, ಗರಿ ಹೊದಿಸಿ. ತಮ್ಮ ಕಟ್ಟಿದ ಗೋಡೆ, ಭದ್ರವಾಗಿದೆ ಅಂತ." ಮುದುಕಿ ಗುಡ್ಡದ ಕಡೆ ನೋಡಲಿಲ್ಲ. "ಯಾರು ಹೊಡೆದರೋ. ಒಂದು ಗೇಣು ಆಚೆ ಇಲ್ಲ, ಈಚೆ ಇಲ್ಲ. ನಿನ್ನೆ ಸಂಜೆ ನಾವೇ ನಾಲ್ಕು ಜನ ಹೆಂಗಸರು ಹೋಗಿ ಮಣ್ಣು ಮಾಡಿದ್ವಿ. ನಿನಗೇನಾಗ್ಬೇಕಪ್ಪ ಅವಳು?"

 

"ಒಂದೇ ಊರಿನವರು," ಎಂದ ಬಾಲ್ಬಿನೊ.

ಮುದುಕಿ ಮೊಣಕಾಲು ಹಿಡಿದು ಎದ್ದಳು. "ಇದನ್ನ ಒಂಚೂರು ತಲೆ ಮೇಲೆ ಎತ್ತಿಡು ಮಗಾ. ಭಾರ ಇದೆ, ಜೋಪಾನ."

ಅವನು ಬಗ್ಗಿ ಗಂಟನ್ನು ಎತ್ತಿದ. ಅವಳ ತಲೆಯ ಮೇಲಿನ ಬಟ್ಟೆಯ ಸಿಂಬೆ ವಾಲಿತ್ತು. ಗಂಟನ್ನು ಒಂದು ತೋಳಿನಲ್ಲಿ ತಾಳಿಕೊಂಡು, ಇನ್ನೊಂದು ಕೈಯಿಂದ ಸಿಂಬೆಯನ್ನು ನಡುನೆತ್ತಿಗೆ ಸರಿಯಾಗಿ ಕೂರಿಸಿದ. ಆಮೇಲೆ ಕಲ್ಲನ್ನು ನಿಧಾನಕ್ಕೆ ಇಳಿಸಿ, ಕೂದಲೆಳೆಯಷ್ಟು ಎಡಕ್ಕೆ, ಮತ್ತೆ ಬಲಕ್ಕೆ ಸರಿಸಿ ನೋಡಿದ.

"ಸಾಕಪ್ಪ," ಎಂದು ಅವಳು ಗಡಿಯ ಕಡೆಗೆ ನಡೆದಳು. ಅವಳು ತಿರುವು ದಾಟಿ ಕಣ್ಮರೆಯಾದ ಮೇಲೂ ಅವನ ಎರಡು ಕೈಗಳು ಅದೇ ಎತ್ತರದಲ್ಲಿ, ಗಾಳಿಯಲ್ಲಿ, ಹಾಗೇ ನಿಂತಿದ್ದವು.