ಮೊದಲೆರಡು ಇಂಚು ಇಲ್ಲದ ಟೇಪು

ಬೇಸಿಗೆ ಮುಗಿಯುತ್ತ ಬಂದು, ಶಾಲೆಗಳು ತೆರೆಯಲು ಇನ್ನು ಕೆಲವೇ ದಿನ ಉಳಿದಿದ್ದವು. ಮಧ್ಯಾಹ್ನದ ಊಟವಾಗಿ ಬೀದಿಯೆಲ್ಲ ತೂಕಡಿಸುವ ಹೊತ್ತಿನಲ್ಲಿ ಇದು ಶುರುವಾಯಿತು. ಅತ್ತೆ ದಾರ, ಗುಂಡಿ ಕೊಂಡುಕೊಂಡು ಬೆವರು ಒರೆಸುತ್ತ ಮನೆಗೆ ಬಂದಳು. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ಕಿಟಕಿಯ ಪಕ್ಕದ ಮೂಲೆ ಬೋಳಾಗಿತ್ತು. ಅವಳ ಹೊಲಿಗೆ ಮಿಷನ್ ಅಲ್ಲಿರಲಿಲ್ಲ.

ಅವಳು ಅತ್ತೆಯಾಗಿದ್ದು ಅಣ್ಣನ ಮಗನಿಗೆ. ಆದರೆ ಬಟ್ಟೆ ಕೊಡಲು ಬರುವವರೂ ಹಾಗೇ ಕರೆದೂ ಕರೆದೂ, ಬೀದಿಗೆಲ್ಲ ಅವಳು ಅತ್ತೆಯೇ ಆಗಿಬಿಟ್ಟಿದ್ದಳು. ಮದುವೆ ಮಾಡಿಕೊಳ್ಳಲಿಲ್ಲ. ಅಣ್ಣನ ಹೆಂಡತಿ ತೀರಿಹೋದ ಮೇಲೆ ಮಗುವನ್ನು ಮಿಷನ್ನಿನ ಕೆಳಗೆ ಆಡಲು ಬಿಟ್ಟು, ಮೇಲೆ ತಾನು ಹೊಲಿಯುತ್ತ ಸಾಕಿದಳು. ಆ ಮಗುವನ್ನು ಮರಿ ಅಂತ ಕರೆದರು. ಈಗ ಮರಿಗೆ ಮೂವತ್ತು ದಾಟಿ ಹೊಟ್ಟೆ ಬಂದರೂ ಆ ಹೆಸರು ಹೋಗಿಲ್ಲ.

"ಮರೀ, ನನ್ನ ಮಿಷನ್ ಎಲ್ಲೋ?"

"ನಡುಮನೆ ಓಣಿಯಲ್ಲಿಟ್ಟಿದೀನಿ ಅತ್ತೆ. ಅಲ್ಲಿ ಗಾಳಿ ಚೆನ್ನಾಗಿ ಬರುತ್ತೆ."

"ಗಾಳಿ ಹಾಕ್ಕೊಂಡು ಹೊಲೀತಾರೇನೋ? ಬೆಳಕು ಬೇಡ್ವಾ? ಕರಿ ಬಟ್ಟೆಗೆ ಕರಿ ದಾರ ಹಾಕೋವಾಗ ನೀನು ಬಂದು ಟಾರ್ಚ್ ಹಿಡೀತೀಯಾ?"

ಮರಿಯ ಕಿವಿಗೆ ಅದು ಬೀಳಲಿಲ್ಲ. ಅವನು ಕಂಪ್ಯೂಟರ್ ಮೇಜಿನ ಕೆಳಗೆ ತೂರಿಕೊಂಡಿದ್ದ, ಕಾಲು ಮಾತ್ರ ಕಾಣುತ್ತಿತ್ತು. ಕೋಣೆಯ ತುಂಬ ಥರ್ಮಾಕೋಲ್ ಚೂರು, ಹಾವಿನ ಹಾಗೆ ಸುತ್ತಿಕೊಂಡ ವೈರು. ಪರದೆಯ ಮುಂದೆ ಒಂದು ಸ್ಪೀಕರ್, ಎಡಬಲಕ್ಕೆ ಒಂದೊಂದು, ಮೇಜಿನ ಕೆಳಗೆ ದೊಡ್ಡ ಪೆಟ್ಟಿಗೆ. ಉಳಿದೆರಡು ಸ್ಪೀಕರ್ ಅವನ ಕುರ್ಚಿಯ ಹಿಂದೆ ಕಿವಿಯ ಎತ್ತರಕ್ಕೆ ಬರಬೇಕಂತೆ. ಒಂದಕ್ಕೆ ಬಾಗಿಲ ಪಕ್ಕದ ಗೋಡೆ ಸಿಕ್ಕಿತ್ತು. ಇನ್ನೊಂದಕ್ಕೆ ಕಿಟಕಿಗೂ ಬೀರುವಿಗೂ ನಡುವಿನ ಜಾಗ, ಅಂದರೆ ಅತ್ತೆಯ ಮೂಲೆ. ಅಲ್ಲಿ ಒಂದು ಹಲಗೆ ಕೂರಿಸಿ ಅದರ ಮೇಲೆ ಸ್ಪೀಕರ್ ಇಡಬೇಕು.

"ಸಿನಿಮಾದಲ್ಲಿ ಹೆಲಿಕಾಪ್ಟರ್ ಬಂದ್ರೆ ಹಿಂದಿನಿಂದ ಬಂದು ತಲೆ ಮೇಲೆ ಹೋದ ಹಾಗೇ ಕೇಳಿಸುತ್ತೆ ಅತ್ತೆ!"

"ಹೆಲಿಕಾಪ್ಟರ್ ಹೋಗೋಕೆ ಆಕಾಶ ಇಲ್ವೇನೋ? ನನ್ನ ಮೂಲೇನೇ ಬೇಕಿತ್ತಾ?"

ಪೇಪರ್ ಓದುತ್ತಿದ್ದ ಅಣ್ಣ ತಲೆ ಎತ್ತಲಿಲ್ಲ. "ಹೋಗಲಿ ಬಿಡೇ. ಹುಡುಗ ಆಸೆ ಪಟ್ಟಿದಾನೆ" ಎಂದು ಹಾಳೆ ತಿರುವಿದ.

ಕೇಳಿ ತೆಗೆದಿದ್ದರೆ ಬೇರೆ ಮಾತು, ತಾನೇ ಒಂದು ಕೈ ಹಿಡಿದು ಸರಿಸುತ್ತಿದ್ದಳೋ ಏನೋ. ಅವಳು ಹೊರಗೆ ಹೋದ ಹೊತ್ತು ನೋಡಿ ಎತ್ತಿದರಲ್ಲ, ಅದೇ ಅವಳಿಗೆ ಚುಚ್ಚಿತು. ಆದರೂ ಮಾತು ಬೆಳೆಸಲಿಲ್ಲ. ಯೂನಿಫಾರ್ಮಿನ ಬಟ್ಟೆ ರಾಶಿ ಬಿದ್ದಿತ್ತು. ಬಚ್ಚಲ ಬಾಗಿಲ ಎದುರಿನ ಆ ಕತ್ತಲೆ ಓಣಿಯಲ್ಲೇ ಕೂತು ಪೆಡಲ್ ತುಳಿದಳು.

ಮಾರನೆಯ ಸಂಜೆ ಬಡಗಿ ಹಲಗೆ ತಂದ. ಅದೇ ಹೊತ್ತಿಗೆ ಬೀದಿ ಕೊನೆಯ ಶಾಲೆಯ ಟೀಚರಮ್ಮ ಕಿಟಕಿಯ ಹೊರಗೆ ಬಂದು ನಿಂತರು. ತಮ್ಮ ಒಂದು ರವಿಕೆಯ ಬಟ್ಟೆ ಕೊಡುವುದಿತ್ತು. ಅವರ ಮಾತು ಕೇಳಿ ಎಷ್ಟೋ ಮಕ್ಕಳ ತಾಯಂದಿರು ಅತ್ತೆಯ ಹತ್ತಿರ ಯೂನಿಫಾರ್ಮ್ ಹೊಲಿಸುತ್ತಿದ್ದರು. ಅತ್ತೆ ಬಟ್ಟೆಗೆ ಕೈ ಚಾಚಿದ್ದಳು, ಅಷ್ಟರಲ್ಲಿ ಹಿಂದೆ ಗದ್ದಲ ಎದ್ದಿತು. ಹಲಗೆ ಕೂರುತ್ತಿಲ್ಲ. ಎರಡು ಇಂಚು ಉದ್ದವಾಗಿದೆ.

"ನೀವು ಹೇಳಿದ ಅಳತೇನೇ ಸ್ವಾಮಿ. ಬೇಕಾದ್ರೆ ಅಳೆದು ನೋಡಿ" ಎಂದ ಬಡಗಿ, ತನ್ನ ಟೇಪು ಎಳೆದು ತೋರಿಸುತ್ತ.

ಮರಿ ಅತ್ತೆಯ ಮಿಷನ್ ಮೇಲಿಂದ ಅವಳ ಟೇಪು ಎತ್ತಿಕೊಂಡು ಬಂದ. ನಿನ್ನೆ ಜಾಗ ಅಳೆದದ್ದು ಅದರಲ್ಲೇ. ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದವನಿಗೆ ಮುಖ ಕೆಂಪಾಯಿತು.

"ಅತ್ತೇ! ಇದೆಂಥ ಟೇಪು? ಶುರುವಾಗೋದೇ ಎರಡರಿಂದ! ಇಷ್ಟು ವರ್ಷ ಜನಕ್ಕೆಲ್ಲ ಈ ಸುಳ್ಳು ಟೇಪಿನಲ್ಲೇ ಹೊಲಿದು ಕೊಟ್ಯಾ?"

ಮರಿಯದು ದೊಡ್ಡ ಗಂಟಲು. ಬೀದಿಗೆಲ್ಲ ಕೇಳಿಸಿತು.

ಆ ಟೇಪಿನ ತುದಿ ಸವೆದು ನೂಲು ಬಿಟ್ಟಿತ್ತು. ಅತ್ತೆ ಎರಡು ಇಂಚು ಕತ್ತರಿಸಿ, ಕೆಂಪು ದಾರದಲ್ಲಿ ಅಂಚು ಹೊಲಿದಿದ್ದಳು. ಹೊಸದು ಕೊಳ್ಳಬಾರದು ಅಂತಲ್ಲ, ಅವಳ ಕೈ ಆ ಟೇಪಿಗೆ ಹೊಂದಿಕೊಂಡಿತ್ತು. ಮೂವತ್ತು ಬೇಕಾದರೆ ಮೂವತ್ತೆರಡಕ್ಕೆ ಸೀಮೆಸುಣ್ಣ ಎಳೆಯುತ್ತಿದ್ದಳು. ಎರಡು ಬಿಟ್ಟು ಎಣಿಸುವುದು ಅವಳಿಗೆ ಉಸಿರಾಡಿದಷ್ಟೇ ಸಹಜ. ಅವಳ ಹತ್ತಿರ ಹೊಲಿಗೆ ಕಲಿತವರಿಗೆಲ್ಲ ಗೊತ್ತಿದ್ದ ಸಂಗತಿ. ಆ ಮಿಷನ್ ಕೆಳಗೇ ಬೆಳೆದವನಿಗೆ ಗೊತ್ತಿರಲಿಲ್ಲ.

ಟೀಚರಮ್ಮ ನಕ್ಕರು. "ಅದಕ್ಕೇ ಇರಬೇಕು ಅತ್ತೆ, ಹೋದ ಸಲದ ರವಿಕೆ ತೋಳು ಬಿಗಿ!" ಎಂದವರೇ, "ನಾಳೆ ಬರ್ತೀನಿ" ಅಂತ ಚಾಚಿದ ಬಟ್ಟೆಯನ್ನು ಚೀಲಕ್ಕೆ ಹಾಕಿಕೊಂಡು ಹೋದರು. ನಾಳೆ ಬರಲಿಲ್ಲ. ಬದಲಿಗೆ ಬೇರೆಯವರು ಬಂದರು, ಕೊಟ್ಟಿದ್ದ ಬಟ್ಟೆ ವಾಪಸ್ ಕೇಳಿಕೊಂಡು. ಒಬ್ಬರಿಗೆ ತಂಗಿ ಹೊಲಿಗೆ ಕಲಿತಳಂತೆ, ಇನ್ನೊಬ್ಬರಿಗೆ ರೆಡಿಮೇಡೇ ವಾಸಿಯಂತೆ. ಮುಖ ಕೊಟ್ಟು ಮಾತಾಡಿದವರು ಯಾರೂ ಇಲ್ಲ.

ಆ ರಾಶಿ ಕರಗುತ್ತ ಹೋದ ಹಾಗೆ ಅತ್ತೆಯ ಸಿಟ್ಟು ಏರಿತು. ಜಾಗ ತೆಗೆದದ್ದನ್ನು ನುಂಗಿದ್ದಳು. ಹೆಸರನ್ನೂ ನುಂಗಬೇಕೆ?

"ಆಡಿದ್ದನ್ನ ವಾಪಸ್ ತಗೋ ಮರಿ."

"ಆಯ್ತು ಅತ್ತೆ, ತಪ್ಪಾಯ್ತು. ಸಾಕಾ?"

"ಅಡುಗೆಮನೇಲಿ ಅಂದಿದ್ರೆ ಅಡುಗೆಮನೇಲಿ ಸಾಕಿತ್ತು. ನೀನು ಅಂದಿದ್ದು ಕಿಟಕೀಲಿ."

"ಅಯ್ಯೋ, ಬೀದಿ ಕರೆದು ಭಾಷಣ ಮಾಡ್ಲಾ? ಸಣ್ಣ ವಿಷಯ ಅತ್ತೆ."

ಸಣ್ಣ ವಿಷಯ! ಬುಧವಾರ ಬೆಳಿಗ್ಗೆ ಮರಿ ಹಲ್ಲುಜ್ಜಿ ಬರುವಷ್ಟರಲ್ಲಿ ಅತ್ತೆ ಅವನ ಕುರ್ಚಿಯಲ್ಲಿ ಕೂತಿದ್ದಳು. ಎಲ್ಲ ಸ್ಪೀಕರುಗಳ ಸದ್ದು ಬಂದು ಸೇರುವುದು ಅಲ್ಲೇ ಅಂತ ಅವನೇ ಕೊಚ್ಚಿಕೊಂಡಿದ್ದ. ಮಡಿಲಲ್ಲಿ ಒಂದು ಅಂಗಿ, ಕೈಯಲ್ಲಿ ಸೂಜಿ, ಗುಂಡಿಗಳಿಗೆ ಕಾಜಾ ಹಾಕುತ್ತಿದ್ದಳು.

"ಅತ್ತೆ, ನನಗೆ ಕೆಲಸ ಇದೆ, ಏಳು."

"ನನಗೂ ಇತ್ತು."

"ಎಷ್ಟು ಹೊತ್ತು ಕೂರ್ತೀಯಾ?"

"ಇಷ್ಟೊಂದು ಬಾಯಿ ತಂದು ನನ್ನ ಸುತ್ತ ಇಟ್ಟಿದೀಯಲ್ಲ. ಯಾವುದಾದ್ರೂ ಒಂದು ನಿಜ ಹೇಳೋವರೆಗೂ ಕೂರ್ತೀನಿ. ನಿನ್ನ ಮೊದಲನೇ ಚಡ್ಡಿ ಅಳೆದಿದ್ದು ಇದೇ ಟೇಪಿನಲ್ಲಿ ಕಣೋ. ಜಾರಿ ಬಿತ್ತಾ? ಹರೀತಾ? ಹೇಳು."

ಮಧ್ಯಾಹ್ನವಾಯಿತು. ಅಣ್ಣ ಬಂದು "ಏನೇ ಇದು ಹಟ, ಜನ ನಗ್ತಾರೆ" ಎಂದ. "ಆಗಲೇ ನಗ್ತಿದಾರೆ ಅಣ್ಣ. ನಿನಗೆ ಕೇಳಿಸ್ಲಿಲ್ವಾ?" ಎಂದು ಅವಳು ಹಲ್ಲಿನಲ್ಲಿ ದಾರ ಕಡಿದಳು.

ಸಂಜೆ ಬೀದಿಯಲ್ಲಿ ಜನ ಓಡಾಡುವ ಹೊತ್ತಿಗೆ ಮರಿ ಸೋತ. ಪಕ್ಕದ ಸ್ಪೀಕರುಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಬೀದಿಗೆ ತಿರುಗಿಸಿದ. ಕಂಪ್ಯೂಟರಿನ ಮೈಕ್ ಹಿಡಿದ. ದೊಡ್ಡ ಪೆಟ್ಟಿಗೆ ಗುಂಯ್ ಎಂದಿತು.

"ನಮ್ಮತ್ತೆ ಟೇಪಿಗೆ ಮೊದಲೆರಡು ಇಂಚು ಇಲ್ಲ. ಅದು ಅವಳಿಗೆ ಗೊತ್ತು, ಎರಡು ಬಿಟ್ಟೇ ಎಣಿಸ್ತಾಳೆ. ನನಗೆ ಗೊತ್ತಿರ್ಲಿಲ್ಲ. ಕೇಳ್ದೆ ಎತ್ಕೊಂಡು ಅಳೆದೆ. ತಪ್ಪು ಅಳೆದವನು ನಾನು, ಬೈದಿದ್ದು ಅವಳನ್ನ."

ಬೀದಿಯಲ್ಲಿ ನಡೆಯುತ್ತಿದ್ದವರು ನಿಂತರು. ಟೀಚರಮ್ಮನೂ ನಿಂತರು. ಹತ್ತಿರ ಬಂದು, ಮುಖ ಸಣ್ಣದು ಮಾಡಿಕೊಂಡು, ಚೀಲದಿಂದ ಅದೇ ಬಟ್ಟೆ ತೆಗೆದರು.

"ತೋಳು ಬಿಗಿ ಆಗಿದ್ದು ನಾನು ದಪ್ಪ ಆಗಿದ್ದಕ್ಕೆ ಅತ್ತೆ. ತಮಾಷೆಗೆ ಅಂದುಬಿಟ್ಟೆ."

"ತಮಾಷೆ ನಿಮ್ಮದು ಟೀಚರಮ್ಮ, ಹೊಟ್ಟೆಪಾಡು ನನ್ನದು" ಎಂದು ಅತ್ತೆ ಬಟ್ಟೆ ತೆಗೆದುಕೊಂಡಳು.

ಅವಳು ಕುರ್ಚಿಯಿಂದ ಎದ್ದಳು. ಅಣ್ಣನಿಗೆ ದೊಡ್ಡ ಭಾರ ಇಳಿದ ಹಾಗಾಯಿತು. "ಮುಗೀತಲ್ಲ. ಲೋ ಮರಿ, ಆ ಹಲಗೆ ಕುಯ್ಸಿ ಕೂರಿಸ್ಕೋ. ಓಣಿಗೊಂದು ಬಲ್ಬ್ ಹಾಕ್ಸೋಣ, ಇವಳೂ ಹೊಲ್ಕೊಳ್ಳಲಿ."

ಅತ್ತೆ ಅಣ್ಣನ ಕಡೆ ತಿರುಗಿದಳು. ಅವನು ಒಳ್ಳೆಯದನ್ನೇ ಹೇಳಿದೆ ಅಂದುಕೊಂಡಿದ್ದ. ಮರಿ ಆಗಲೇ ಹಲಗೆ ಎತ್ತಿಕೊಂಡಿದ್ದ. ಆ ಮೂಲೆ ಯಾರದು ಅಂತ ಇಬ್ಬರಲ್ಲಿ ಒಬ್ಬನೂ ಕೇಳಲಿಲ್ಲ.

ಮರುದಿನ ಅವಳು ಇಸ್ತ್ರಿ ಅಂಗಡಿಯವನ ಹತ್ತಿರ ಮಾತಾಡಿ ಬಂದಳು. ಅವನ ಅಂಗಡಿಯ ಹಿಂದೆ ಒಂದು ಕೋಣೆ ಖಾಲಿ ಇತ್ತು. ಮುಂದುಗಡೆ ಬೀದಿಗೆ ತೆರೆದ ಜಗಲಿ, ಬೆಳಗಿನಿಂದ ಸಂಜೆಯವರೆಗೂ ಬೆಳಕು.

"ಇಷ್ಟಕ್ಕೆಲ್ಲ ಹೋಗ್ತಾರಾ ಅತ್ತೆ?" ಎಂದ ಮರಿ. ಅವನ ಕಣ್ಣು ತುಂಬಿದ್ದು ನಿಜ.

"ಇಷ್ಟಕ್ಕಲ್ಲ ಕಣೋ" ಎಂದಳು. ಸೂಜಿಗೆ ದಾರ ಪೋಣಿಸಿದಳು.

ಮಿಷನ್ನನ್ನು ಕೈಗಾಡಿಗೆ ಏರಿಸಿ, ಕೆಂಪು ಅಂಚಿನ ಟೇಪು ಕೊರಳಿಗೆ ಹಾಕಿಕೊಂಡು, ಹೊಲಿಯಬೇಕಾದ ಬಟ್ಟೆಯ ಗಂಟು ಹೊತ್ತು ಅತ್ತೆ ಆ ಮನೆಯಿಂದ ಹೊರಟದ್ದು ಶನಿವಾರ.